ಸ್ವೆಟರ್ ಮುಗಿಯಿತು, ಚಳಿಯೂ ಮುಗಿಯಿತು

ಸ್ವೆಟರ್ ಹೆಣೆಯುವವರಿಗೆ ಯಾರೋ ಶಾಪ ಕೊಟ್ಟಿದ್ದಾರೆ. ನವರಾತ್ರಿಗೆ ಶುರು ಮಾಡಿದ್ದು ದೀಪಾವಳಿಗೆ ಮುಗಿಯಬೇಕು. ಮುಗಿಯುವುದು ಶಿವರಾತ್ರಿಗೇ. ಆ ಹೊತ್ತಿಗೆ ಚಳಿ ಶಿವಶಿವಾ ಅಂತ ಗಂಟುಮೂಟೆ ಕಟ್ಟಿರುತ್ತದೆ. ಧಾರವಾಡದ ಬಿಸಿಲು ನೆತ್ತಿ ಸುಡುವಾಗ ಗೆಳತಿಯ ಕೈಗೆ ಉಲನ್ ಸ್ವೆಟರ್ ಕೊಟ್ಟರೆ ಅವಳಾದರೂ ಏನು ಮಾಡಬೇಕು? "ಭಾಳ ಛಂದ ಆಗೇದ" ಅನ್ನುತ್ತಾಳೆ, ಕಪಾಟಿನಲ್ಲಿ ಇಡುತ್ತಾಳೆ. ಮುಂದಿನ ಚಳಿಗೆ ತೆಗೆದು ನೋಡಿದರೆ ಸ್ವೆಟರ್ ಹಾಗೇ ಇರುತ್ತದೆ. ಗೆಳತಿ ಹಾಗೇ ಇರುವುದಿಲ್ಲ.

ನಮ್ಮ ಓಣಿಯಲ್ಲಿ ನಾವು ನಾಲ್ಕು ಜನ ಇದ್ದೇವೆ. ಮಧ್ಯಾಹ್ನದ ಊಟ ಮುಗಿಸಿ, ಭಾಂಡೆ ತಿಕ್ಕಿಟ್ಟು, ನಮ್ಮ ಪಡಸಾಲೆಯಲ್ಲಿ ಕೂಡುತ್ತೇವೆ. ಟೀಚರ್ ಮತ್ತು ನಾನು ಸ್ವೆಟರ್ ಕಡೆ. ಗದಗದ ಗೆಳತಿ ಕೌದಿ ಕಡೆ. ಮೂಲೆ ಮನೆ ವೈನಿ ಕ್ರೋಶಾ. ಕೌದಿಗೆ ಮಾತ್ರ ಎಲ್ಲರ ಕೈಯೂ ಬೇಕು, ಪಕ್ಷಭೇದ ಇಲ್ಲ. ನಮ್ಮ ಮನೆಯವರು ಇದಕ್ಕೆ ಅಧಿವೇಶನ ಅನ್ನುತ್ತಾರೆ. ಬೆಳಗಾವಿಯದು ಚಳಿಗಾಲದಲ್ಲಿ ಮಾತ್ರ ನಡೆಯುತ್ತದೆ, ನಮ್ಮದು ವರ್ಷವಿಡೀ ಅನ್ನುವುದು ಅವರ ತಕರಾರು. ಕೆಲಸ ಎಲ್ಲಿ ಜಾಸ್ತಿ ಆಗುತ್ತದೆ ಅಂತ ಮಾತ್ರ ಅವರು ಇದುವರೆಗೂ ಹೇಳಿಲ್ಲ.

ಸ್ವೆಟರಿನ ಲೆಕ್ಕ ಒಮ್ಮೆ ಕೇಳಿ. ದೊಡ್ಡವರ ಸ್ವೆಟರಿನ ಬೆನ್ನಿಗೆ ನೂರು ಲೂಪ್ ಹಾಕಿ ನೂರೈವತ್ತು ಸಾಲು ಹೆಣೆದರೆ 15,000 ಲೂಪ್ ಆಯಿತು. ಎದೆಗೆ ಇನ್ನೊಂದು 15,000. ಎರಡು ತೋಳು, ಕುತ್ತಿಗೆಯ ಪಟ್ಟಿ ಸೇರಿದರೆ 40,000 ದಾಟುತ್ತದೆ. ಇಷ್ಟೇ ಸಲ ಜಪ ಮಾಡಿದ್ದರೆ ದೇವರು ಪ್ರತ್ಯಕ್ಷನಾಗಿ, ತನಗೂ ಒಂದು ಇರಲಿ ಅಂತ ಎದೆಯಳತೆ ಕೊಟ್ಟು ಹೋಗುತ್ತಿದ್ದ. ಇಷ್ಟಾದ ಮೇಲೆ ಬಿಡಿ ಬಿಡಿ ತುಂಡುಗಳನ್ನು ಸೇರಿಸಿ ಹೊಲಿಯಬೇಕು. ಸ್ವೆಟರ್ ಹೆಣೆಯುವವರಲ್ಲಿ ಯಾರೂ ಪ್ರೀತಿಯಿಂದ ಮಾಡದ ಕೆಲಸ ಅದು. ಎಷ್ಟೋ ಮನೆಗಳಲ್ಲಿ ತೋಳಿಲ್ಲದ ಮೈ, ಮೈಯಿಲ್ಲದ ತೋಳು ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಕಾಯುತ್ತಿರುತ್ತವೆ. ಹಾಗೂ ಹೀಗೂ ಮುಗಿಸಿ ಗೆಳತಿಯ ಮನೆಗೆ ಒಯ್ದರೆ ಅವಳ ಗಂಡ ಕನ್ನಡಕ ಏರಿಸಿ ನೋಡಿ, "ಮಾರ್ಕೆಟಿನಾಗ ಐದನೂರಕ್ಕ ಸಿಗ್ತಾವಲ್ರೀ ಇಂಥವು" ಅನ್ನುತ್ತಾನೆ. ಸೂಜಿಗಳು ಚೂಪಾಗಿರುತ್ತವೆ ಅನ್ನುವುದು ಇಂಥ ಹೊತ್ತಿಗೆ ನೆನಪಾಗುತ್ತದೆ.

ಮೂಲೆ ಮನೆ ವೈನಿಯ ಕಥೆ ಬೇರೆ. ಅವರು ಕ್ರೋಶಾದ ಚೌಕಗಳನ್ನು ಮಾಡುತ್ತಲೇ ಇದ್ದಾರೆ. ಜೋಡಿಸುವುದಿಲ್ಲ. ಟ್ರಂಕು ತುಂಬಿದೆ, ಈಗ ದಿವಾನದ ಹೊಟ್ಟೆಯೂ ತುಂಬಿದೆ. 2016ರ ಜನವರಿಯಲ್ಲಿ ಚೆನ್ನೈಯಲ್ಲಿ ಹೆಂಗಸರು ಕ್ರೋಶಾ ತುಂಡುಗಳನ್ನು ಜೋಡಿಸಿ 11,148.5 ಚದರ ಮೀಟರಿನ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ಅಂದರೆ ಹತ್ತಿರಹತ್ತಿರ ಎರಡೂಮುಕ್ಕಾಲು ಎಕರೆ. ಹಿಂಗಾರಿ ಜೋಳ ಬಿತ್ತಬಹುದು. ವೈನಿಗೆ ಇದನ್ನು ಹೇಳಿದರೆ ಹುರುಪು ಬಂದೀತು ಅಂದುಕೊಂಡಿದ್ದೆವು. "ಹಂಗಾದ್ರ ನಂದಿನ್ನೂ ಸಾಲೂದಿಲ್ಲ" ಅಂತ ಇನ್ನೊಂದು ಚೌಕ ಶುರು ಮಾಡಿದರು.

ಉಲನ್ ಅಂಗಡಿಯವರದೂ ಇದರಲ್ಲಿ ಪಾಲಿದೆ. ಉಂಡೆಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಬಣ್ಣದ ನಂಬರ್ ಇರುತ್ತದೆ, ಅದರ ಪಕ್ಕ ಲಾಟ್ ನಂಬರ್ ಇರುತ್ತದೆ. ಒಂದು ಸಲಕ್ಕೆ ಬಣ್ಣದ ಹಂಡೆಯಲ್ಲಿ ಅದ್ದಿದ್ದಷ್ಟು ಒಂದು ಲಾಟ್. ಬಣ್ಣದ ನಂಬರ್ ಒಂದೇ ಇದ್ದರೂ ಲಾಟ್ ಬೇರೆಯಾದರೆ ಛಾಯೆ ಸ್ವಲ್ಪ ಬೇರೆ. ಟೀಚರ್ ಇದನ್ನು ಬಲ್ಲವರು. ಅಂಗಡಿಯವನಿಗೆ ಕೇಳಿಯೂ ಕೇಳಿದರು. "ಅದ ಕಲರ್ ಅಕ್ಕಾರ, ಏನೂ ಫರಕ್ ಇಲ್ಲ" ಅಂದ. ಟ್ಯೂಬ್‌ಲೈಟಿನ ಕೆಳಗೆ ನಿಜಕ್ಕೂ ಫರಕ್ ಇರಲಿಲ್ಲ. ಸ್ವೆಟರ್ ಮುಗಿದು, ಗೆಳತಿಯ ಮಗ ಅದನ್ನು ಹಾಕಿಕೊಂಡು ಅಂಗಳಕ್ಕೆ ಇಳಿದ ಮೇಲೆ ಎಡದ ತೋಳು ಕುಂಕುಮದ ಬಣ್ಣ, ಬಲದ್ದು ಇಟ್ಟಂಗಿ ಬಣ್ಣ. ಟೀಚರ್ ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು. ಆ ಹುಡುಗನಿಗೆ ಮಾತ್ರ ಕಾಲೇಜಿನಲ್ಲಿ ಎಲ್ಲಿ ತಗೊಂಡಿ ಅಂತ ಕೇಳಿದವರೇ ಕೇಳಿದವರು. ವಾರದೊಳಗೆ ಅವನ ದೋಸ್ತನೊಬ್ಬ ಟೀಚರ್ ಮನೆಗೆ ಬಂದು, "ಆಂಟಿ, ನನಗೂ ಒಂದು. ತೋಳು ಬ್ಯಾರೆ ಬ್ಯಾರೆ ಇರಬೇಕ್ರಿ" ಅಂತ ಕೇಳಿದ. ಈಗ ಅಂಗಡಿಯಲ್ಲಿ ಬೇಕೆಂದೇ ಬೇರೆ ಲಾಟ್ ಹುಡುಕಿದರೆ ಸಿಗುತ್ತಿಲ್ಲ. ಎಲ್ಲ ಒಂದೇ ಲಾಟ್ ಅಂತೆ.

ಅಮೆರಿಕಕ್ಕೆ ಹೋದ ಸ್ವೆಟರಿನ ಗತಿ ಕೇಳಿ. ಗೆಳತಿಯೊಬ್ಬಳ ಮಗಳಿಗೆ ಅಲ್ಲಿ ಮಗು ಹುಟ್ಟಿತು. ನಮ್ಮ ಕಡೆ ಅಂಗಡಿಯಲ್ಲಿ ಉಲನ್ ಅಂತ ಸಿಗುವುದರಲ್ಲಿ ಬಹಳಷ್ಟು ಅಕ್ರಿಲಿಕ್. ಪರದೇಶದ ಮಗುವಿಗೆ ಅದನ್ನು ಹೇಗೆ ಕಳಿಸುವುದು ಅಂತ ಬೆಂಗಳೂರಿನಿಂದ ಅಸಲಿ ಮೆರಿನೋ ಉಣ್ಣೆ ತರಿಸಿ ಹೆಣೆದು ಕಳಿಸಿದೆ. ಅಸಲಿ ಉಣ್ಣೆಯ ಎಳೆಗೆ ಕಣ್ಣಿಗೆ ಕಾಣದಂಥ ಪೊರೆ ಪೊರೆ ಇರುತ್ತದೆ. ಬಿಸಿನೀರಿನಲ್ಲಿ ಹಾಕಿ ಗಿರಗಿರ ತಿರುಗಿಸಿದರೆ ಪೊರೆಗೆ ಪೊರೆ ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಕಂಬಳಿಯಷ್ಟು ಗಟ್ಟಿಯಾಗುತ್ತದೆ. ಮತ್ತೆ ಬಿಡಿಸಲು ಬ್ರಹ್ಮನಿಂದಲೂ ಆಗದು. ಅಕ್ರಿಲಿಕ್ ಆದರೆ ಈ ಕಾಟ ಇಲ್ಲ. ತಣ್ಣೀರಲ್ಲಿ ಕೈಯಿಂದ ಒಗೆಯಬೇಕು ಅಂತ ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಒಳಗೆ ಇಟ್ಟಿದ್ದೆ. ಚೀಟಿ ಸ್ವೆಟರಿನ ಜೇಬಿನಲ್ಲಿತ್ತು. ಸ್ವೆಟರ್ ವಾಷಿಂಗ್ ಮಷೀನಿನಲ್ಲಿತ್ತು. ಚೀಟಿಯೂ ಶುಭ್ರವಾಗಿ ಹೊರಗೆ ಬಂತಂತೆ.

ಸ್ವಲ್ಪ ದಿನಕ್ಕೆ ವಾಟ್ಸಾಪಿನಲ್ಲಿ ಫೋಟೋ ಬಂತು. ನನ್ನ ಸ್ವೆಟರ್ ಹಾಲಿನ ಬಾಟಲಿಯ ಮೈಮೇಲಿತ್ತು. "ಆಂಟಿ, ಬಾಟಲಿಗೂ ಒಂದು ಕಳಿಸೀರಲ್ಲ, ಎಷ್ಟ ಕರೆಕ್ಟ್ ಕೂತದ ನೋಡ್ರಿ! ಹಾಲು ಬಿಸಿ ಇರ್ತದ" ಅಂತ ಬರೆದಿದ್ದಳು. ನಾಚಿಕೆಗೆ ಹಾಗೆ ಬರೆದಳೋ, ನಿಜಕ್ಕೂ ಹಾಗೇ ತಿಳಿದಳೋ ಗೊತ್ತಿಲ್ಲ. ಹೃದಯದ ಗುರುತು ಕಳಿಸಿ ಸುಮ್ಮನಾದೆ.

ಇನ್ನು ಕೌದಿ. ನಾವು ಸಣ್ಣವರಿದ್ದಾಗ ಕೌದಿ ಹೊಲಿಯುವ ಹೆಣ್ಣುಮಕ್ಕಳು ಸೂಜಿ, ದಾರ ಹಿಡಿದು ಓಣಿಗೇ ಬರುತ್ತಿದ್ದರು. ಹಳೆ ಸೀರೆ, ಧೋತರ ಎಲ್ಲ ತಂದು ಅವರ ಮುಂದೆ ಸುರಿದರೆ ಕಟ್ಟೆಯ ಮೇಲೆ ಕೂತು ಹೊಲಿದು ಕೊಡುತ್ತಿದ್ದರು. ಈಗ ನಾವೇ ಹೊಲಿಯಬೇಕು. ಕೌದಿಗೆ ಹತ್ತಿ ಬಟ್ಟೆಯೇ ಆಗಬೇಕು, ಅದೂ ಹಳೆಯದು. ಹತ್ತಾರು ವರ್ಷ ಒಗೆಸಿಕೊಂಡು ಕುಗ್ಗುವುದೆಲ್ಲ ಕುಗ್ಗಿ ಮೆತ್ತಗಾದ ಬಟ್ಟೆಯಲ್ಲಿ ಸೂಜಿ ಸಲೀಸಾಗಿ ಇಳಿಯುತ್ತದೆ. ಹೊಸ ಬಟ್ಟೆ ಸೇರಿಸಿದರೆ ಮೊದಲ ಒಗೆತಕ್ಕೇ ಮುದುಡಿ ಕೂರುತ್ತದೆ. ಪದರದ ಮೇಲೆ ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ನಡುವೆ ಗುಳೇದಗುಡ್ಡದ ಖಣದ ಚೌಕ ಇಟ್ಟು, ಸಾಲು ಸಾಲಾಗಿ ಟಾಕಿ ಹಾಕುತ್ತ ಹೋಗುವುದು. ಕಸೂತಿ ಬಲ್ಲವರು ನಮ್ಮ ಟಾಕಿ ನೋಡಿ ಮುಖ ತಿರುಗಿಸುತ್ತಾರೆ. ಅವರದರಲ್ಲಿ ಗಂಟೇ ಕಾಣಬಾರದು, ಎರಡೂ ಮಗ್ಗಲು ಒಂದೇ ಥರ ಇರಬೇಕು. ಇರಲಿ ಬಿಡಿ. ಕಸೂತಿ ಹೊದ್ದು ಮಲಗಿದವರನ್ನು ನಾವಂತೂ ನೋಡಿಲ್ಲ.

ಹೊಲಿಗೆಯೇನೋ ಸುಲಭ. ಯಾರ ಸೀರೆ ಎಲ್ಲಿ ಬರಬೇಕು ಅನ್ನುವುದು ಕಷ್ಟ. ಗದಗದ ಗೆಳತಿ ತನ್ನ ಮನೆಗೆಂದು ಒಂದು ಕೌದಿ ಹೊಲಿಯಲು ಕೂತಳು. ತವರಿನ ಅವ್ವನ ಸೀರೆ ತಲೆಯ ಕಡೆ ಇಟ್ಟಳು. ಅತ್ತೆಯ ಇಳಕಲ್ ಸೀರೆಯ ತುಂಡು ಯಾವ ಚರ್ಚೆಯೂ ಇಲ್ಲದೆ ಕಾಲ ಕಡೆ ಹೋಯಿತು. ನಾವು ಮೂವರು ಮುಖ ಮುಖ ನೋಡಿಕೊಂಡೆವು, ಏನೂ ಅನ್ನಲಿಲ್ಲ. ಇಳಕಲ್ ಸೀರೆಯ ಟೋಪಿ ತೆನಿ ಸೆರಗು ಅಂದರೆ ಗೊತ್ತಲ್ಲ, ಕೆಂಪು ನೆಲದ ಮೇಲೆ ಬಿಳಿ ತೆನಿ. ಕತ್ತಲಲ್ಲೂ ಗುರುತು ಸಿಗುತ್ತದೆ. ಅವಳ ಗಂಡನಿಗೂ ಸಿಕ್ಕಿತು.

"ಇದು ನಮ್ಮವ್ವನ ಸೀರಿ ಅಲ್ಲೇನು? ನನ್ನ ಕಾಲಾಗ ಯಾಕ ಬಂತು?"

ಅವಳು ನಿದ್ದೆಗಣ್ಣಲ್ಲೇ ಉತ್ತರ ಕೊಟ್ಟಳಂತೆ. "ಕೌದಿ ತಿರುವಿ ಹೊಚ್ಚಿಕೊಂಡೀರಿ ನೀವು."

ಪಾಪ, ಅವರು ಎದ್ದು ಕೌದಿ ತಿರುಗಿಸಿದರು. ಈಗ ಅತ್ತೆ ತಲೆಯ ಕಡೆ ಬಂದರು, ಅವ್ವ ಕಾಲಿಗೆ ಹೋದಳು. ಅವಳು ಬೆಳಗಿನ ಜಾವ ಮತ್ತೆ ತಿರುಗಿಸಿದಳು. ಹೀಗೇ ದಿನಾ ನಡೆಯಿತು. ಕೊನೆಗೆ ಅತ್ತೆಯೇ ಊರಿನಿಂದ ಬಂದಾಗ ಇಬ್ಬರಿಗೂ ಎದೆ ಢವಢವ. ಆ ಹಿರಿಯರು ತಲೆಯ ಕಡೆಯನ್ನೂ ನೋಡಲಿಲ್ಲ, ಕಾಲ ಕಡೆಯನ್ನೂ ನೋಡಲಿಲ್ಲ. ಸೆರಗನ್ನು ಕೈಯಲ್ಲಿ ಸವರಿ, "ಹರದು ಹಾಳ ಮಾಡೀರಲ್ಲ, ಇನ್ನೂ ಎರಡು ವರ್ಷ ಉಡ್ತಿದ್ದೆ" ಅಂದರು.

ಮುಗಿಸುವ ವಿಷಯದಲ್ಲಿ ನಮಗಿಂತ ಕಟ್ಟುನಿಟ್ಟಿನವರು ಸಿದ್ದಿ ಹೆಣ್ಣುಮಕ್ಕಳು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಅವರು ಹೊಲಿಯುವುದಕ್ಕೆ ಕವಂದಿ ಅನ್ನುತ್ತಾರೆ. ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಅಮೆರಿಕದ ಮ್ಯೂಸಿಯಂವರೆಗೂ ಅವರ ಕವಂದಿ ಹೋಗಿದೆ. ಕೊನೆಗೆ ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ಪುಟ್ಟ ಮುಕ್ಕೋನ ಇಟ್ಟು ಹೊಲಿಯಬೇಕು, ಅದು ಫುಲ. ಅದಿಲ್ಲದಿದ್ದರೆ ಕವಂದಿ ಬತ್ತಲೆ ಅಂತ ಲೆಕ್ಕ. ಹಳಿಯಾಳದ ಹತ್ತಿರ ಒಂದು ಮನೆಯಲ್ಲಿ ನಮ್ಮ ಕೌದಿಯನ್ನು ಹೆಮ್ಮೆಯಿಂದ ಬಿಚ್ಚಿ ತೋರಿಸಿದೆವು. ಆ ಮನೆಯ ಅಜ್ಜಿ ನಾಲ್ಕೂ ಮೂಲೆ ಮುಟ್ಟಿ ನೋಡಿದಳು. ಕೌದಿಗೇನೂ ಹೇಳಲಿಲ್ಲ. ನಮ್ಮನ್ನು ಮಾತ್ರ ಕನಿಕರದಿಂದ ನೋಡಿ ಚಹಾ ತರಿಸಿದಳು. ಬರುವಾಗ ದಾರಿಯುದ್ದಕ್ಕೂ ಟೀಚರ್ ಕೌದಿಯನ್ನು ಚೀಲದಿಂದ ಹೊರಗೆ ತೆಗೆಯಗೊಡಲಿಲ್ಲ.

ಗೆಳತಿಯರಿಗೆ ಕೌದಿ ಕೊಟ್ಟರೆ ಎರಡು ಥರ ಆಗುತ್ತದೆ. ಬೆಂಗಳೂರಿನ ಗೆಳತಿಗೆ ಕೊಟ್ಟದ್ದನ್ನು ಅವಳು ಗಾಜಿನ ಫ್ರೇಮ್ ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದ್ದಾಳೆ. ಡಿಸೆಂಬರಿನಲ್ಲಿ ಅವಳ ಮನೆಗೆ ಹೋದಾಗ ಅದರ ಕೆಳಗೇ, ಸೋಫಾದ ಮೇಲೆ, ಒಂದು ತೆಳ್ಳನೆಯ ಚಾದರಿನಲ್ಲಿ ರಾತ್ರಿಯಿಡೀ ನಡುಗುತ್ತ ಮಲಗಿದ್ದೆ. ನಾನೇ ಹೊಲಿದದ್ದು, ಮೇಲಿನಿಂದ ನನ್ನನ್ನೇ ನೋಡುತ್ತಿತ್ತು. ಇನ್ನೊಬ್ಬಳಿಗೆ ಕೊಟ್ಟದ್ದು ಮನೆ ಬದಲಿಸುವಾಗ ಫ್ರಿಜ್ಜಿಗೆ ಸುತ್ತಿಕೊಂಡು ಲಾರಿಯಲ್ಲಿ ಹುಬ್ಬಳ್ಳಿಯಿಂದ ಕಲಬುರಗಿಗೆ ಹೋಯಿತು. ಫ್ರಿಜ್ಜಿಗೆ ಒಂದು ಗೀರೂ ಬೀಳಲಿಲ್ಲ ಅಂತ ಫೋನ್ ಮಾಡಿ ಹೊಗಳಿದಳು. ನನ್ನನ್ನು ಕೇಳಿದರೆ, ಫ್ರಿಜ್ಜಿನವಳೇ ಮೇಲು. ಈಗ ಅದನ್ನೇ ಮೊಮ್ಮಗನ ಕೆಳಗೆ ಹಾಸಿದ್ದಾಳೆ, ಅವನೂ ತನ್ನ ಪಾಲಿನ ಕೆಲಸ ಮಾಡುತ್ತಿದ್ದಾನೆ.

ಹಾಸಿದ ಮೇಲೆ ಒಗೆಯಲೇಬೇಕು. ಒದ್ದೆ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ಹೋದ ಬೇಸಿಗೆಯಲ್ಲಿ ನಮ್ಮ ತಾರಸಿಯ ಮೇಲೆ ನಾವು ನಾಲ್ವರೂ ಸೇರಿ ಒಂದು ದೊಡ್ಡ ಕೌದಿ ಹಿಂಡಿದೆವು. ಹಿಂಡಿದೆವು ಅಂದರೆ ನಾವು ಒದ್ದೆಯಾದೆವು, ಕೌದಿಯೂ ಒದ್ದೆಯಾಗಿಯೇ ಉಳಿಯಿತು. ಹಗ್ಗ ತಡೆಯಲಾರದು ಅಂತ ಮೋಟು ಗೋಡೆಯ ಮೇಲೆ ಹರವಿದೆವು. ಅರ್ಧ ಈಕಡೆ, ಅರ್ಧ ಆಕಡೆ. ನೀರೆಲ್ಲ ಆಕಡೆಗೆ ಇಳಿಯಿತು. ಭಾರವೂ ಆಕಡೆಗೇ ಹೋಯಿತು. ಹಿಂದಿನ ಮನೆಯವರ ತಾರಸಿ ನಮ್ಮದಕ್ಕಿಂತ ಒಂದು ಮಜಲು ಕೆಳಗೆ. ಅಲ್ಲಿ ಆ ಮನೆಯ ಅಜ್ಜಿ ಬೆಳಗಿನಿಂದ ಕೂತು ಸಂಡಿಗೆ ಹಾಕಿದ್ದರು.

ಧಪ್ಪ್ ಅಂತ ಸದ್ದಾಯಿತು. ಬಗ್ಗಿ ನೋಡುವ ಧೈರ್ಯ ಯಾರಿಗೂ ಇಲ್ಲ. ಮೂಲೆ ಮನೆ ವೈನಿ ಆಗಲೇ ಮೆಟ್ಟಿಲು ಇಳಿದಾಗಿತ್ತು.

ಅಜ್ಜಿ ಬಯ್ಯುತ್ತಾರೆ ಅಂತ ಕಾದೆವು. ಸದ್ದೇ ಇಲ್ಲ. ಕೊನೆಗೆ ನೋಡಿದರೆ ಕೌದಿಯ ಒಂದು ಮೂಲೆ ಎತ್ತಿ, ಹಿಟ್ಟು ಒರೆಸಿ, ಟಾಕಿ ಎಣಿಸುತ್ತಿದ್ದಾರೆ.

"ಇದನ್ನ ಹೊಲಿದವರ‍್ಯಾರು?"

ಟೀಚರ್ ಮತ್ತು ನಾನು ಇಬ್ಬರೂ ಗದಗದ ಗೆಳತಿಯ ಕಡೆ ಬೆರಳು ತೋರಿಸಿದೆವು.

"ಟಾಕಿ ಭಾಳ ಸಣ್ಣ ಅದಾವ. ಸಂಡಿಗಿ ಹೋದ್ರ ಹೋಗ್ಲಿ, ನನಗೂ ಹಿಂಥಾದ ಒಂದು ಹೊಲಿದು ಕೊಡ್ರಿ. ಲೆಕ್ಕ ಚುಕ್ತಾ ಆಗ್ತದ."

ಮರುದಿನ ಅವರ ಮೊಮ್ಮಗ ಒಂದು ಚೀಲ ತಂದು ಪಡಸಾಲೆಯಲ್ಲಿ ಇಟ್ಟ. ಬಿಚ್ಚಿದೆವು. ಒಂದೂ ಹತ್ತಿ ಇಲ್ಲ. ಎಲ್ಲ ನೈಲಾನ್, ಪಾಲಿಯೆಸ್ಟರ್. ಹಾಸಿದರೆ ಜಾರುವಂಥವು, ಮಡಚಿದರೆ ನಿಲ್ಲದಂಥವು. ಅದರಲ್ಲೊಂದು ಮೈತುಂಬ ಚಮಕಿಯದು. "ಅಜ್ಜಿ ಹೇಳ್ಯಾಳ, ಚಮಕಿ ಸೀರಿ ನಡುವ ಬರಬೇಕಂತ" ಅಂದ ಹುಡುಗ.

ಚಮಕಿ ಹೊದ್ದು ಮಲಗಿದರೆ ಬೆಳಿಗ್ಗೆ ಮುಖದ ಮೇಲೆ ಏನೇನು ಮೂಡಿರುತ್ತದೆ ಅಂತ ಅಜ್ಜಿಗೆ ತಿಳಿಸಿ ಹೇಳುವವರು ಯಾರು? ಅಧಿವೇಶನದಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಸಂಡಿಗೆಯ ಋಣ ದೊಡ್ಡದು ಅಂತ ಕೊನೆಗೆ ಟೀಚರ್ ಕನ್ನಡಕ ಹಾಕಿಕೊಂಡು ಬ್ಲೇಡಿನಿಂದ ಒಂದೊಂದೇ ಚಮಕಿ ಬಿಚ್ಚಲು ಕೂತರು. ಅರ್ಧ ಸೆರಗೂ ಮುಗಿದಿರಲಿಲ್ಲ, ಆ ಹುಡುಗ ಮತ್ತೆ ಬಂದ. ಕೈಯಲ್ಲಿ ಇನ್ನೊಂದು ಚೀಲ.

"ಇದು ನಮ್ಮದಲ್ರಿ. ಎದುರು ಮನಿಯವರದು. ಪುಕ್ಕಟ ಹೊಲದು ಕೊಡ್ತಾರಂತ ಅಜ್ಜಿ ಹೇಳಿದ್ಲು."