ಮೂಗಿನ ನೇರಕ್ಕೆ ನಡೆಯುವ ನಾಯಿ

2025ರಲ್ಲಿ ಬೆಂಗಳೂರಿನಲ್ಲಿ ನಡೆದ ‘ಕಸ ಸುರಿಯುವ ಹಬ್ಬ’ದಲ್ಲಿ ಇದ್ದದ್ದು ಒಂದೇ ಕೊರತೆ. ಬೀಗಲ್ ನಾಯಿಗಳಿಗೆ ಆಮಂತ್ರಣ ಹೋಗಿರಲಿಲ್ಲ. ರಸ್ತೆ ಬದಿ ಕಸ ಎಸೆದವರ ಮನೆ ಹುಡುಕಿ, ಅವರ ಬಾಗಿಲಿಗೇ ಕಸ ಸುರಿದು, ದಂಡವನ್ನೂ ವಸೂಲು ಮಾಡಿ ಬಂದ ಮಾರ್ಷಲ್‌ಗಳು ಪಾಪ, ವಿಡಿಯೊ ಹಿಡಿದುಕೊಂಡು ಅಲೆದರು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50 ಲಕ್ಷವಾದರೆ ಬೀಗಲ್‌ನ ಮೂಗಿನಲ್ಲಿ 20 ಕೋಟಿಗೂ ಹೆಚ್ಚು. ಅಮೆರಿಕದವರು 1984ರಲ್ಲೇ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಇದೇ ನಾಯಿಗೆ ಹಸಿರು ಕೋಟು ತೊಡಿಸಿ, ಸೂಟ್‌ಕೇಸಿನೊಳಗಿನ ಮಾವಿನಹಣ್ಣು ಹಿಡಿಯುವ ಕೆಲಸ ಕೊಟ್ಟರು. ಇಲ್ಲೂ ಕೊಡಬಹುದಿತ್ತು. ತೊಂದರೆ ಒಂದೇ: ನಮ್ಮ ಊರಿನ ಬೀಗಲ್ ಆರೋಪಿಯ ಮನೆ ತನಕ ಹೋಗುವುದಿಲ್ಲ. ಮೊದಲ ಕವರಿನಲ್ಲೇ ಕೋಳಿ ಮೂಳೆ ಸಿಗುತ್ತದೆ. ಸಾಕ್ಷ್ಯವನ್ನು ನುಂಗಿಬಿಡುತ್ತದೆ.

ಇದಕ್ಕೇ ಸಾಕಿದವರು ‘ಮೊಂಡು’ ಎನ್ನುತ್ತಾರೆ. ಕರೆದರೆ ಬರಲ್ಲ, ಎಳೆದರೆ ಬರಲ್ಲ, ಲಿಫ್ಟಿನೆದುರು ಕೂತುಬಿಡುತ್ತದೆ, ನೆಲಕ್ಕೆ ಮೂಗು ಅಂಟಿಸಿದರೆ ಕಿವಿ ಕೇಳಿಸುವುದೇ ಇಲ್ಲ. ಕೇಳಿಸಬಾರದೆಂದೇ ಇಂಗ್ಲೆಂಡಿನವರು ತಲೆಮಾರುಗಟ್ಟಲೆ ಅದನ್ನು ಹಾಗೆ ಬೆಳೆಸಿದ್ದು. ಮೊಲದ ಜಾಡು ಹಿಡಿದು ಗುಂಪಾಗಿ ಓಡಬೇಕು, ಹಿಂದೆ ನಡೆದು ಬರುವ ಬೇಟೆಗಾರನ ಅಪ್ಪಣೆಗೆ ಕಾಯಬಾರದು, ಎಲ್ಲಿದ್ದೇನೆಂದು ಮೈಲಿ ದೂರಕ್ಕೆ ಕೇಳುವಂತೆ ಊಳಿಡಬೇಕು. ಹುಲ್ಲಿನಲ್ಲಿ ಮುಳುಗಿದರೂ ಕಾಣಲೆಂದು ಬಾಲದ ತುದಿ ಬಿಳಿ. ಇಷ್ಟೆಲ್ಲ ಅರ್ಹತೆ ಇರುವ ನೌಕರನನ್ನು ಸಾವಿರದಿನ್ನೂರು ಚದರಡಿಯ ಹನ್ನೊಂದನೇ ಮಹಡಿಗೆ ತಂದು ‘ಶ್, ಸುಮ್ನಿರು’ ಎನ್ನುತ್ತೇವೆ. ಅಂಗಡಿಯವನು ‘ಚಿಕ್ಕ ನಾಯಿ ಮೇಡಂ, ಫ್ಲ್ಯಾಟಿಗೆ ಹೇಳಿ ಮಾಡಿಸಿದ್ದು’ ಅಂದಿರುತ್ತಾನೆ. ಕೊಂಡದ್ದು ಕಣ್ಣು ನೋಡಿ, ಮನೆಗೆ ಬಂದದ್ದು ಮೂಗು.

(‘ನಮ್ಮ ಮುಧೋಳ ಇರುವಾಗ ಈ ಪರದೇಶಿ ಯಾಕೆ?’ ಎನ್ನುವ ದೇಶಭಕ್ತರಿಗೆ: ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ಬೀಗಲ್ ಮೂಳೆ ಮೂಸುತ್ತಾ ನಿಂತರೆ ಮುಧೋಳ ಸ್ಕೂಟರಿನ ಹಿಂದೆ ಓಡುತ್ತದೆ. ಬೆಲ್ಟ್ ಹಿಡಿದವರು ಎರಡೂ ಕಡೆ ಬೀಳುತ್ತಾರೆ.)

ನಗರಾಡಳಿತಕ್ಕೆ ಇಲ್ಲೊಂದು ಅಭಿನಂದನೆ ಸಲ್ಲಬೇಕು. ವಿದೇಶದಲ್ಲಿ ಇಂಥ ನಾಯಿಗಳಿಗೆ ಜಾಡು ಬೇಕೆಂದರೆ ಸೋಂಪಿನ ವಾಸನೆಯ ಬಟ್ಟೆಯನ್ನು ಹೊಲದುದ್ದಕ್ಕೂ ಎಳೆದು ಸಿದ್ಧಪಡಿಸಬೇಕು. ನಮ್ಮಲ್ಲಿ ಪ್ರತಿ ತಿರುವಿನ ಟ್ರಾನ್ಸ್‌ಫಾರ್ಮರ್ ಕೆಳಗೂ ಅದು ಉಚಿತ. ಅಧಿಕಾರಿಗಳು ಅದಕ್ಕೆ ‘ಬ್ಲ್ಯಾಕ್ ಸ್ಪಾಟ್’ ಎಂದು ಹೆಸರನ್ನೂ ಇಟ್ಟಿದ್ದಾರೆ. ಸೋಮವಾರ ಬೆಳಿಗ್ಗೆ ಆರೂವರೆಗೆ ನೋಡಿ: ಎರಡು ಗಂಟು ಬಿಗಿದ ಕಪ್ಪು ಕವರು, ಬದಿಯಲ್ಲಿ ಹೆಗ್ಗಣ ಕೊರೆದ ತೂತು, ಅದರಿಂದ ಇಣುಕುವ ಹಳದಿ ಅನ್ನ, ಒಂದು ತೊಡೆಮೂಳೆ, ಡೈಪರು, ಒಡೆದ ಟ್ಯೂಬ್‌ಲೈಟಿನ ಚೂರು. ಅಂಥದ್ದರ ಮುಂದೆ ಬೀಗಲ್‌ಗೆ ‘ಹೀಲ್’ (ನನ್ನ ಪಕ್ಕದಲ್ಲೇ ನಡೆ) ಎನ್ನುವುದು, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವನಿಗೆ ಎದ್ದು ಬಾ ಅಂದಂತೆ.

ಬೇಯಿಸಿದ ಮೂಳೆ ಸೀಳಿ ಚೂಪಾಗುತ್ತದೆ, ಗಂಟಲಲ್ಲೋ ಕರುಳಲ್ಲೋ ಚುಚ್ಚುತ್ತದೆ. ಬಿರಿಯಾನಿಯ ಈರುಳ್ಳಿ, ಕೇಸರಿಬಾತಿನ ಒಣದ್ರಾಕ್ಷಿ ಎರಡೂ ನಾಯಿಗೆ ವಿಷ. ಆದ್ದರಿಂದ ಈ ಊರಿನಲ್ಲಿ ‘ಕೂರು’, ‘ಶೇಕ್‌ಹ್ಯಾಂಡ್ ಕೊಡು’ ಕಲಿಸುವ ಮೊದಲು ಕಲಿಸಬೇಕಾದ ಪದ ‘ಬಿಡು’. ಮುಷ್ಟಿಯಲ್ಲಿ ಅದರ ಒಣ ಆಹಾರದ ಒಂದು ಕಾಳು ಹಿಡಿದು ಮೂಗಿನ ಮುಂದೆ ಇಡಿ. ನೆಕ್ಕುತ್ತದೆ, ಕೆರೆಯುತ್ತದೆ, ಬೊಗಳುತ್ತದೆ, ಮುಷ್ಟಿ ಬಿಚ್ಚಬೇಡಿ. ಒಂದು ಕ್ಷಣ ಮೂಗು ಹಿಂದಕ್ಕೆ ತೆಗೆದ ಕೂಡಲೇ ಇನ್ನೊಂದು ಕೈಯಿಂದ ಬೇಯಿಸಿದ ಕೋಳಿಯ ಚೂರು ಕೊಡಿ, ಬಟಾಣಿ ಗಾತ್ರದ್ದು ಸಾಕು, ಉಪ್ಪು ಬೇಡ. ಮುಷ್ಟಿಯಲ್ಲಿದ್ದದ್ದು ಅದಕ್ಕೆ ಎಂದೂ ಸಿಗಬಾರದು. ಬಿಟ್ಟರೆ ಅದಕ್ಕಿಂತ ರುಚಿಯಾದದ್ದು ಬರುತ್ತದೆ ಅನ್ನುವುದೇ ಪಾಠ. ಹತ್ತಕ್ಕೆ ಎಂಟು ಸಲ ತಾನಾಗಿ ಹಿಂದೆ ಸರಿದ ಮೇಲೆ ಪದ ಸೇರಿಸಿ. ಆಮೇಲೆ ಕಾಳು ನೆಲಕ್ಕೆ, ಅದರ ಮೇಲೆ ನಿಮ್ಮ ಚಪ್ಪಲಿ. ಆಮೇಲೆ ಚಪ್ಪಲಿ ತೆಗೆದು, ಬೆಲ್ಟ್ ಹಾಕಿ, ಆರಡಿ ದೂರದಲ್ಲಿ ಹಾದುಹೋಗುವುದು. ಆಮೇಲೆ ಕಾರಿಡಾರು, ಪಾರ್ಕಿಂಗು, ಗೇಟಿನ ಹೊರಗೆ. ಕೊನೆಗೆ ಟ್ರಾನ್ಸ್‌ಫಾರ್ಮರು.

ನಮ್ಮವರು ಹಾಲ್‌ನಲ್ಲಿ ಮೂರು ದಿನ ಮಾಡಿ ನಾಲ್ಕನೇ ದಿನ ನೇರ ಕೋಳಿ ಅಂಗಡಿ ಮುಂದೆ ನಿಲ್ಲಿಸುತ್ತಾರೆ. ಒಂದನೇ ಕ್ಲಾಸಿನಿಂದ ಸೀದಾ ಸಿಇಟಿ. ಅದಕ್ಕಿಂತ ದೊಡ್ಡ ತಪ್ಪು, ಮೂಳೆ ಬಾಯಿಗೆ ಹೋದ ಮೇಲೆ ‘ಅಯ್ಯೋ’ ಎಂದು ಕಿರುಚಿ, ದವಡೆ ಅಗಲಿಸಿ, ಬೆರಳು ಹಾಕುವುದು. ಎರಡು ಸಲ ಹಾಗೆ ಮಾಡಿದರೆ, ಮೂರನೇ ಸಲ ನೀವು ಬಗ್ಗುವಷ್ಟರಲ್ಲೇ ಅದು ನುಂಗಿರುತ್ತದೆ. ಕಿತ್ತುಕೊಳ್ಳಬೇಡಿ, ವ್ಯಾಪಾರ ಮಾಡಿ. ಜೇಬಿನ ಕೋಳಿಚೂರನ್ನು ಮೂಗಿಗೆ ತಾಗಿಸಿ, ನಾಲ್ಕೈದು ಚೂರು ಪಕ್ಕಕ್ಕೆ ಚೆಲ್ಲಿದರೆ ಬಾಯಲ್ಲಿದ್ದದ್ದು ಬೀಳುತ್ತದೆ.

ಕೊಟ್ಟ ಚೂರೂ ಊಟದ ಲೆಕ್ಕಕ್ಕೆ ಬರಬೇಕು. ಇದರಲ್ಲಿ ಮಾತ್ರ ಪಾಲಿಕೆಯಿಂದ ಕಲಿಯಬಹುದು. ಬೀದಿನಾಯಿಗೆ ಕೋಳಿ 150 ಗ್ರಾಂ, ಅಕ್ಕಿ 100, ತರಕಾರಿ 100 ಎಂದು 2025ರಲ್ಲಿ ಟೆಂಡರ್ ಕರೆದವರು ಅವರು. ಬೀಗಲ್ ಸಾಕಿದವರ ಮನೆಯಲ್ಲಿ ತಕ್ಕಡಿ ಇರುವುದಿಲ್ಲ, ಅಜ್ಜಿ ಇರುತ್ತಾರೆ. ‘ಪಾಪ, ಹಸಿದಿದೆ’ ಎಂದು ಚಪಾತಿ, ಮಾರಿ ಬಿಸ್ಕತ್ತು, ದೋಸೆಯ ಅಂಚು. ಹನ್ನೆರಡು ಕಿಲೊ ಇರಬೇಕಾದ್ದು ಹದಿನೆಂಟಾಗಿ, ಸೊಂಟ ಕಾಣದೆ, ಕಾಲುಮಣೆಯಂತೆ ನಡೆಯುತ್ತದೆ. ದಿನದ ಆಹಾರ ಬೆಳಿಗ್ಗೆಯೇ ತೂಗಿ, ಅರ್ಧವನ್ನು ಬೇರೆ ಡಬ್ಬಿಗೆ ಹಾಕಿಡಿ. ಕಲಿಕೆಗೆ ಅದೇ ಸಂಬಳ. ಹೊರಗಿನ ತಿಂಡಿ ಹತ್ತರಲ್ಲಿ ಒಂದು ಪಾಲು ಮೀರಬಾರದು. ಅಜ್ಜಿಗೆ ಆ ಡಬ್ಬಿಯನ್ನೇ ಕೊಟ್ಟುಬಿಡಿ.

ಕತ್ತಿನ ಚೈನು ಇದಕ್ಕೆ ಕೆಲಸ ಮಾಡುವುದಿಲ್ಲ, ಕೆಮ್ಮುತ್ತಲೇ ಎಳೆಯುತ್ತದೆ. ರಸ್ತೆಗೆ ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ (ಎದೆ, ಬೆನ್ನಿಗೆ ಸುತ್ತುವ ಪಟ್ಟಿ) ಮತ್ತು ಆರಡಿ ಬೆಲ್ಟ್. ಬಯಲು ಸಿಕ್ಕರೆ ಮೂವತ್ತಡಿ ಹಗ್ಗ, ಅದನ್ನು ಬೆನ್ನಿನ ಕೊಂಡಿಗೇ ಹಾಕಬೇಕು, ಕತ್ತಿಗೆ ಹಾಕಿದರೆ ಓಡಿ ಹಗ್ಗ ಮುಗಿದಾಗ ಕುತ್ತಿಗೆ ಉಳುಕುತ್ತದೆ. ಗುಂಡಿ ಒತ್ತಿದರೆ ಉದ್ದವಾಗುವ ಬೆಲ್ಟ್ ಬೇಡವೇ ಬೇಡ. ಅದು ‘ಎಳೆದಷ್ಟೂ ಜಾಗ ಸಿಗುತ್ತದೆ’ ಎಂದು ಕಲಿಸುತ್ತದೆ. ಹಗ್ಗ ಬಿಚ್ಚಿ ‘ನಮ್ಮದು ಬರತ್ತೆ’ ಎನ್ನುವ ಧೈರ್ಯ ರಿಂಗ್ ರೋಡ್ ಇರುವ ಊರಿನಲ್ಲಿ ಬೇಡ. ಕರೆಯಲು ಹೆಸರಿಗಿಂತ ಸೀಟಿ ವಾಸಿ. ಹೆಸರನ್ನು ಸ್ನಾನಕ್ಕೂ ಬೈಗುಳಕ್ಕೂ ಬಳಸಿ ಸವೆಸಿರುತ್ತೇವೆ. ಸೀಟಿ ಊದಿ, ಬಂದರೆ ಕೋಳಿ ಕೊಟ್ಟು, ಮತ್ತೆ ಮೂಸಲು ಬಿಡಿ. ಮನೆಗೆ ಹೊರಡುವಾಗ ಮಾತ್ರ ಊದಿದರೆ ಒಂದೇ ವಾರದಲ್ಲಿ ಅದಕ್ಕೆ ಸೀಟಿಯ ಅರ್ಥ ತಿಳಿಯುತ್ತದೆ, ಆಮೇಲೆ ಬರುವುದಿಲ್ಲ.

ಮತ್ತೆ, ಮೂಸಲು ಬಿಡಿ ಅಂದರೆ ಬಿಡಿ. ಗಡಿಯಾರ ನೋಡಿ ಇಪ್ಪತ್ತು ನಿಮಿಷ, ಅದು ನಿಂತಲ್ಲಿ ನೀವು ನಿಂತು. ಒಂದು ಗಂಟೆ ಓಡಿಸಿದರೂ ಇಳಿಯದ ಚಡಪಡಿಕೆ ಇಷ್ಟಕ್ಕೆ ಇಳಿಯುತ್ತದೆ. ಮಳೆ ಬಂದರೆ ಪಡ್ಡಿನ ಹಂಚು ತೆಗೆಯಿರಿ. ಒಂದು ಬಿಟ್ಟು ಒಂದು ಗುಳಿಗೆ ಆಹಾರದ ಕಾಳು, ಮೇಲೆ ಟೆನಿಸ್ ಚೆಂಡು. ಅಥವಾ ಹಳೆಯ ಟವೆಲಿನಲ್ಲಿ ಕಾಳು ಚೆಲ್ಲಿ ಸುರುಳಿ ಸುತ್ತಿಡಿ. ಹದಿನೈದು ನಿಮಿಷ ಮನೆ ನಿಶ್ಶಬ್ದ.

ನಿಶ್ಶಬ್ದ ಎಂದ ಕೂಡಲೇ ಅಸೋಸಿಯೇಷನ್ ನೆನಪಾಗುತ್ತದೆ. ‘ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನಾಯಿಗಳು ಬೊಗಳತಕ್ಕದ್ದಲ್ಲ’ ಎಂದು ನೋಟಿಸು ಅಂಟಿಸುವ ಸಂಸ್ಥೆ ಅದು. ಎಲ್ಲಿ ಅಂಟಿಸುತ್ತಾರೆಂದರೆ, ನಾಯಿಗಳಿಗೆ ಪ್ರವೇಶವಿಲ್ಲದ ಲಿಫ್ಟಿನಲ್ಲಿ. ಓದುವುದು ಹೇಗೆ? ಸಾಕುನಾಯಿಗೆ ಲಿಫ್ಟ್ ನಿರಾಕರಿಸುವಂತಿಲ್ಲ, ಬೊಗಳುತ್ತದೆಂದು ಹೊರಹಾಕುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. 2018ರಲ್ಲಿ ಬಿಬಿಎಂಪಿ ‘ಫ್ಲ್ಯಾಟಿಗೆ ಒಂದೇ ನಾಯಿ’ ಎಂಬ ಉಪವಿಧಿ ತಂದು, ಗಲಾಟೆಯಾದ ಮೇಲೆ ಹಿಂದೆ ಸರಿಯಿತು. ಗುಂಪಿನಲ್ಲಿ ಬದುಕಲೆಂದೇ ತಯಾರಾದ ನಾಯಿಯನ್ನು ಒಂದೇ ಇಡು, ಅದೂ ಒಂಬತ್ತು ಗಂಟೆ ಬೀಗ ಹಾಕಿ ಇಡು, ಊಳಿಟ್ಟರೆ ದಂಡ ಕಟ್ಟು. ಆ ಊಳು ಮೊಂಡುತನವಲ್ಲ, ಒಂಟಿತನ. ಒಂಟಿಯಾಗಿ ಇರುವುದನ್ನೂ ಕಲಿಸಬೇಕು: ಬಾಗಿಲು ಹಾಕಿ ಅರ್ಧ ನಿಮಿಷಕ್ಕೆ ವಾಪಸ್, ಮತ್ತೆ ಎರಡು ನಿಮಿಷ, ಐದು, ಹನ್ನೆರಡು. ಕಿರುಗುಟ್ಟುವ ಮೊದಲೇ ಬಂದುಬಿಡಬೇಕು. ಕಿರುಗುಟ್ಟಿತೆಂದರೆ ನೆಗೆದದ್ದು ಹೆಚ್ಚಾಯಿತು, ಹಿಂದಿನ ಮೆಟ್ಟಿಲಿಗೆ ಇಳಿಯಿರಿ. ವಾರಗಟ್ಟಲೆ ಹಿಡಿಯುತ್ತದೆ.

ಅಷ್ಟು ಪುರುಸೊತ್ತಿಲ್ಲದವರಿಗೆಂದು ‘ಏಳು ದಿನದಲ್ಲಿ ಗ್ಯಾರಂಟಿ’ ಟ್ರೇನರ್‌ಗಳಿದ್ದಾರೆ. ಬ್ಯಾಗಿನಲ್ಲಿ ಶಾಕ್ ಕೊಡುವ ಪಟ್ಟಿ ಇರುತ್ತದೆ. ಬೊಗಳಿದರೆ ಕತ್ತಿಗೆ ಕರೆಂಟು. ಏಳು ದಿನದಲ್ಲಿ ಮನೆ ನಿಜಕ್ಕೂ ಶಾಂತವಾಗುತ್ತದೆ, ನಾಯಿ ಮೂಲೆ ಹಿಡಿದು ಕೂತಿರುತ್ತದೆ.

ಇನ್ನು ತಮಾಷೆ ಸಾಕು. ಜಗತ್ತಿನೆಲ್ಲೆಡೆ ಪ್ರಯೋಗಾಲಯಗಳು ನಾಯಿ ಬೇಕೆಂದಾಗ ಬೀಗಲ್ಲನ್ನೇ ಆರಿಸಿಕೊಳ್ಳುತ್ತವೆ. ಯಾಕೆ ಗೊತ್ತೆ? ಸೂಜಿ ಚುಚ್ಚಿದರೂ ಕಚ್ಚುವುದಿಲ್ಲ, ಹಿಡಿದವರ ಕೈ ನೆಕ್ಕುತ್ತದೆ. 2016ರಲ್ಲಿ ಬೆಂಗಳೂರಿನ ಪ್ರಯೋಗಾಲಯವೊಂದರಿಂದಲೇ ನೂರೈವತ್ತಕ್ಕೂ ಹೆಚ್ಚು ಬೀಗಲ್‌ಗಳು ಹೊರಬಂದು ಮನೆಗಳಿಗೆ ಹೋದವು. ಹುಲ್ಲು ಮೆಟ್ಟಿ ಗೊತ್ತಿರದ ನಾಯಿಗಳು. ಅಷ್ಟು ಸಹನೆಯ ಪ್ರಾಣಿಯನ್ನು ತಂದು, ಎಂಟು ತಿಂಗಳಿಗೆ ಸೋಫಾ ಹರಿಯಿತೆಂದು, ಪಟ್ಟಿ ಬಿಚ್ಚಿ ನೈಸ್ ರಸ್ತೆ ಬದಿಯಲ್ಲಿ ಇಳಿಸಿ ಕಾರು ತಿರುಗಿಸುವವರಿದ್ದಾರೆ. ಕತ್ತಿನ ಕೂದಲಿನಲ್ಲಿ ಪಟ್ಟಿಯ ಗುರುತು ಹಾಗೇ ಇರುತ್ತದೆ. ಅದು ಅಲ್ಲೇ ನಿಂತು ಟೈರಿನ ಜಾಡು ಮೂಸುತ್ತದೆ. ಮೊಂಡು ಅಂತೆ.

ಇರಲಿ. ‘ಬಿಡು’ ಪಾಠದ ಕೊನೆಯ ಹಂತಕ್ಕೆ ಬಂದವರಿಗೊಂದು ಎಚ್ಚರಿಕೆ. ಸಾಹೇಬರು ಬರುತ್ತಾರೆಂದರೆ ಟ್ರಾನ್ಸ್‌ಫಾರ್ಮರ್ ಕೆಳಗಿನ ಕಸ ರಾತ್ರೋರಾತ್ರಿ ಮಾಯವಾಗಿ, ಆ ಜಾಗಕ್ಕೆ ಬ್ಲೀಚಿಂಗ್ ಪೌಡರು, ರಂಗೋಲಿ, ನಾಲ್ಕು ಹೂಕುಂಡ ಬರುತ್ತವೆ. ಆ ದಿನ ಪಾಠ ಬೇಡ, ಬ್ಲೀಚಿಂಗ್ ಘಾಟಿಗೆ ನಾಯಿಯ ಮೂಗು ಉರಿಯುತ್ತದೆ. ರಸ್ತೆಯ ಆಚೆ ಬದಿಯಲ್ಲಿ ನಡೆಸಿ. ಎರಡು ದಿನ ತಾಳಿದರೆ ಸಾಕು. ಮೂರನೇ ದಿನ ಮೊದಲು ಒಂದು ಹೂಕುಂಡ ಕಳುವಾಗುತ್ತದೆ, ಅದರ ಜಾಗದಲ್ಲಿ ಎರಡು ಗಂಟು ಬಿಗಿದ ಕಪ್ಪು ಕವರು ಬಂದು ಕೂರುತ್ತದೆ. ಜೇಬಿನಲ್ಲಿ ಕೋಳಿಚೂರು ಇದೆಯೇ ನೋಡಿಕೊಂಡು, ಆರಡಿ ದೂರದಿಂದ ಶುರು ಮಾಡಿ.