ತೂಕದ ಜೊತೆ ತಲೆಯ ಸುತ್ತಳತೆಯನ್ನೂ ಬರೆಸಿಕೊಳ್ಳಿ

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ತೂಕದ ಬಗ್ಗೆ ನೀವು ಪ್ರಕಟಿಸಿದ ಲೇಖನ ಚೆನ್ನಾಗಿ ಹೇಳಿದೆ. ತಲೆಯ ಬೆಳವಣಿಗೆಯ ಮಾತೇ ಇಲ್ಲದ್ದು ಬೇಸರವಾಯಿತು.

ನನ್ನ ಮಗಳು ಹುಟ್ಟಿದ್ದು 30ನೇ ವಾರಕ್ಕೆ, ಆಟಿ ತಿಂಗಳ ಜಡಿಮಳೆಯಲ್ಲಿ. ತಲೆ ಬರೀ 27 ಸೆಂ.ಮೀ. ದಿನ ತುಂಬಿದ ಮಗುವಿಗೆ 34ರ ಆಸುಪಾಸು ಇರುತ್ತದೆ. ಉಡುಪಿಯ ನಮ್ಮ ಮಕ್ಕಳ ಡಾಕ್ಟ್ರು ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನ ಸುತ್ತ ಟೇಪು ಹಿಡಿದು ಮೂರು ಸಲ ಅಳೆದು, ಅದರಲ್ಲಿ ದೊಡ್ಡ ಅಂಕಿ ಬರೆಯುತ್ತಿದ್ದರು. ವಯಸ್ಸಿನ ಲೆಕ್ಕ ಹುಟ್ಟಿದ ದಿನದಿಂದಲ್ಲ, ಡಾಕ್ಟ್ರು ಮೊದಲು ಕೊಟ್ಟಿದ್ದ ಹೆರಿಗೆ ದಿನದಿಂದ. 2 ವರ್ಷದವರೆಗೂ ಹಾಗೆಯೇ. ಇದು ಗೊತ್ತಿಲ್ಲದೆ "ಪಕ್ಕದ್ಮನೆ ಮಗು ಕೂತಾಯ್ತು, ಇವಳಿನ್ನೂ ಇಲ್ವಾ?" ಅಂತ ಕೇಳಿದವರ ಮಾತಿಗೆ ನಾನೆಷ್ಟು ಅತ್ತಿದ್ದೇನೋ!

ತಲೆ ಬೆಳೆಯುವುದು ಒಳಗೆ ಮೆದುಳು ಬೆಳೆಯುವುದರಿಂದ. ತೀರಾ ನಿಧಾನವಾದರೆ ಮುಂದೆ ಮಾತು, ನಡಿಗೆ, ಕಲಿಕೆ ತಡವಾಗುವ ಸಾಧ್ಯತೆ ಹೆಚ್ಚು. ಒಮ್ಮೆಲೇ ಜಾಸ್ತಿಯಾದರೆ ಮೆದುಳಲ್ಲಿ ನೀರು ತುಂಬಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡಬೇಕು. ಒಂದು ಅಳತೆ ನೋಡಿ ಹೆದರಬೇಡಿ, ಬೆಳವಣಿಗೆಯ ಚಾರ್ಟಿನಲ್ಲಿ ತಿಂಗಳು ತಿಂಗಳು ಗೆರೆ ಹೇಗೆ ಏರುತ್ತಿದೆ ಅನ್ನುವುದೇ ಮುಖ್ಯ.

ಅಮ್ಮ ಹೆಣೆದ ಉಲ್ಲನ್ ಟೊಪ್ಪಿ ಮೊದಲು ಅವಳ ಮೂಗಿನವರೆಗೂ ಜಾರುತ್ತಿತ್ತು. ಅದು ಬಿಗಿಯಾಗಿ ಹಣೆಯಲ್ಲಿ ಗುರುತು ಮೂಡಿದ ದಿನ ಮನೆಯವರೆಲ್ಲ ಸುತ್ತ ನಿಂತು ನೋಡಿದ್ದೆವು.