ಮೊಣಕೈಗೆ ಮುಹೂರ್ತ

ಅಮೆರಿಕದ ಬೇಸ್‌ಬಾಲಿನಲ್ಲಿ ಪ್ರತಿಭಾವಂತ ಹುಡುಗನಿಗೆ ಬುದ್ಧಿ ಬಲಿಯುವುದು ಸಾಮಾನ್ಯವಾಗಿ ಏಪ್ರಿಲ್ ಮೂರನೇ ವಾರದಲ್ಲಿ. ಮಾರ್ಚ್ ಕೊನೆಗೆ ಸೀಸನ್ ಶುರುವಾದಾಗ ಅವನಿನ್ನೂ ಎಳಸು. ಅವನೆಸೆದ ಚೆಂಡು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರಬಹುದು, ಎದುರಿಗಿದ್ದವನು ಗಾಳಿಗೆ ಬ್ಯಾಟು ಬೀಸಿ ಮನೆಗೆ ಹೋಗುತ್ತಿರಬಹುದು, ಆದರೂ ಎಳಸು. "ಚೇಂಜ್‌ಅಪ್ ಇನ್ನೂ ಕೂತಿಲ್ಲ" ಅನ್ನುತ್ತಾರೆ ಜನರಲ್ ಮ್ಯಾನೇಜರ್ ಸಾಹೇಬರು. ಜೋರಾಗಿ ಎಸೆಯುವವನ ಹಾಗೆ ಕೈ ಬೀಸಿ ನಿಧಾನಕ್ಕೆ ಬಿಡುವ ಚೆಂಡೇ ಚೇಂಜ್‌ಅಪ್. ಹುಡುಗ ದೊಡ್ಡವರ ಮೇಜರ್ ಲೀಗಿನ ಕೆಳಗಿರುವ, ತಾಲೀಮಿನ ಮೈನರ್ ಲೀಗಿಗೆ ಹೋಗುತ್ತಾನೆ, ಎರಡೋ ಮೂರೋ ಮ್ಯಾಚ್ ಆಡುತ್ತಾನೆ. ಆಮೇಲೊಂದು ಬೆಳಿಗ್ಗೆ ನೋಡಿದರೆ ಚೇಂಜ್‌ಅಪ್ ಕೂತುಬಿಟ್ಟಿರುತ್ತದೆ! ಕಲಿಸಿದವರು ಯಾರು ಎಂದು ಕೇಳಬೇಡಿ. ಕ್ಯಾಲೆಂಡರು.

ಅಲ್ಲಿನ ಪಂಚಾಂಗದಲ್ಲಿ ಒಂದು ವರ್ಷಕ್ಕೆ 172 ದಿನ. ಮೇಜರ್ ಲೀಗಿನಲ್ಲಿ ಅಷ್ಟು ದಿನ ಕಳೆದರೆ ಆಟಗಾರನ ಖಾತೆಗೆ ಒಂದು ವರ್ಷದ ಸೇವೆ ಜಮೆ. ಅಂಥ ಆರು ವರ್ಷ ಆದರೆ ಅವನು ಸ್ವತಂತ್ರ, ಯಾವ ತಂಡ ಹೆಚ್ಚು ಕೊಡುತ್ತದೋ ಅಲ್ಲಿಗೆ ಹೋಗಬಹುದು. ಸೀಸನ್ ಮಾತ್ರ 172 ದಿನಕ್ಕಿಂತ ಹತ್ತು-ಹದಿನೈದು ದಿನ ದೊಡ್ಡದು. ಆದ್ದರಿಂದ ಹುಡುಗನನ್ನು ಶುರುವಿನಲ್ಲಿ ಅದಕ್ಕಿಂತ ಒಂದೇ ದಿನ ಹೆಚ್ಚು ಕೆಳಗೆ ಕೂರಿಸಿದರೆ 171ಕ್ಕೆ ನಿಲ್ಲುತ್ತಾನೆ, ವರ್ಷ ಜಮೆಯಾಗುವುದಿಲ್ಲ, ಮಾಲೀಕರಿಗೆ ಅವನ ಪ್ರಾಯದ ಇನ್ನೊಂದು ಸೀಸನ್ ಕೈಯಲ್ಲೇ ಉಳಿಯುತ್ತದೆ. ಹೀಗಾಗಿ ಅಲ್ಲಿ ಯಾವ ತಂಡದ ಜನರಲ್ ಮ್ಯಾನೇಜರನ್ನೇ ನೋಡಿ, ಅರ್ಧ ಕ್ರೀಡಾಪಂಡಿತ, ಅರ್ಧ ಪುರೋಹಿತ. ಹುಡುಗನ ಮೊಣಕೈ ಮುಟ್ಟಿ ನೋಡುತ್ತಾರೆ, ಗೋಡೆ ಕಡೆ ತಿರುಗಿ ತಿಥಿ ನೋಡುತ್ತಾರೆ.

ಈ ವಿದ್ಯೆಯ ಮೊದಲ ಪಾಠ ಚೆಂಡು ಎಸೆಯುವ ಪಿಚರನದ್ದಲ್ಲ, ಬ್ಯಾಟರನದ್ದು. 2015ರಲ್ಲಿ ಶಿಕಾಗೊ ಕಬ್ಸ್‌ನ ಕ್ರಿಸ್ ಬ್ರಯಂಟ್ ಅಭ್ಯಾಸ ಪಂದ್ಯಗಳಲ್ಲಿ ಒಂಬತ್ತು ಹೋಮ್ ರನ್ ಬಾರಿಸಿದ. ಫೀಲ್ಡಿಂಗ್ ಇನ್ನೂ ಸುಧಾರಿಸಬೇಕು ಎಂದು ಅವನನ್ನು ಅಯೋವಾದ ಮೈನರ್ ಲೀಗ್ ತಂಡಕ್ಕೆ ಅಟ್ಟಿದರು. ಅಲ್ಲಿ ಏಳು ಮ್ಯಾಚ್ ಆಡುವಷ್ಟರಲ್ಲಿ ಫೀಲ್ಡಿಂಗ್ ಸುಧಾರಿಸಿತು, ಏಪ್ರಿಲ್ 17ಕ್ಕೆ ಮೇಲೆ ಕರೆಸಿದರು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಸರಿಯಾಗಿ 171 ದಿನ. ಅವನು ದೂರು ಕೊಟ್ಟ. ತೀರ್ಪು ಬರಲು 2020 ಆಗಬೇಕಾಯಿತು, ಬಂದದ್ದು ಅವನ ವಿರುದ್ಧ. ಅಷ್ಟರಲ್ಲಿ ಅವನು ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದು, ಮರುವರ್ಷ ಲೀಗಿನ ಅತ್ಯಮೂಲ್ಯ ಆಟಗಾರನೂ ಆಗಿ, ತಂಡಕ್ಕೆ ನೂರೆಂಟು ವರ್ಷಗಳ ಮೇಲೆ ಚಾಂಪಿಯನ್ ಪಟ್ಟವನ್ನೂ ತಂದುಕೊಟ್ಟಾಗಿತ್ತು.

ಇದನ್ನೆಲ್ಲ ಯಾರೂ ಬಾಯಿಬಿಟ್ಟು ಹೇಳುವ ಹಾಗಿಲ್ಲ, ಅದು ಸಂಪ್ರದಾಯ. ಸಿಯಾಟಲ್ ಮರೀನರ್ಸ್ ಅಧ್ಯಕ್ಷ ಕೆವಿನ್ ಮ್ಯಾಥರ್ ಹೇಳಿಬಿಟ್ಟರು. 2021ರ ಫೆಬ್ರವರಿಯಲ್ಲಿ ರೋಟರಿ ಕ್ಲಬ್ಬಿನವರ ಜತೆ ವಿಡಿಯೊ ಕರೆಯಲ್ಲಿ ಕೂತು, ಯುವ ಪಿಚರ್ ಲೋಗನ್ ಗಿಲ್ಬರ್ಟ್ ಸೀಸನ್ನಿನ ಮೊದಲ ದಿನ ತಂಡದಲ್ಲಿರುವುದಿಲ್ಲ, ಸ್ವಲ್ಪ ದಿನ ಬಿಟ್ಟು ಬರುತ್ತಾನೆ ಎಂದು ಮನೆಯವರ ಹತ್ತಿರ ಮಾತಾಡುವ ಹಾಗೆ ಮಾತಾಡಿದರು. ವಿಡಿಯೊ ಊರೆಲ್ಲ ಹರಿದಾಡಿತು. ಬೇರೆ ಆಟಗಾರರ ಬಗ್ಗೆ ನಾಲಿಗೆ ಹರಿಬಿಟ್ಟಿದ್ದೂ ಅದರಲ್ಲಿತ್ತು, ಸಾಹೇಬರು ರಾಜೀನಾಮೆ ಕೊಟ್ಟರು. ಗಿಲ್ಬರ್ಟ್ ಬಂದದ್ದು ಮೇ 13ಕ್ಕೆ. ಅಧ್ಯಕ್ಷರು ಹೋದರೂ ಪಂಚಾಂಗ ಗೋಡೆಯ ಮೇಲೆಯೇ ಇತ್ತು ಅನ್ನಿ.

ಈಗ ಪಿಚರ್ ಪಾಲ್ ಸ್ಕೀನ್ಸ್ ಕಥೆಗೆ ಬರೋಣ. ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವ 2023ರ ಡ್ರಾಫ್ಟ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಇವನನ್ನು ಎಲ್ಲರಿಗಿಂತ ಮೊದಲು ಆರಿಸಿ, 92 ಲಕ್ಷ ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡಿತು. ಆ ತನಕ ಯಾವ ಡ್ರಾಫ್ಟ್ ಹುಡುಗನಿಗೂ ಅಷ್ಟು ಬೋನಸ್ ಸಿಕ್ಕಿರಲಿಲ್ಲ. ಆರಡಿ ಆರಂಗುಲದ ಆಳು. 2024ರಲ್ಲಿ ಸೀಸನ್ ಶುರುವಾದಾಗ ಅವನು ಇದ್ದದ್ದು ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ತಂಡದಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. ತೋಳಿಗೆ ದಣಿವಾಗಬಾರದು, ಮೆಲ್ಲಮೆಲ್ಲಗೆ ಇನಿಂಗ್ಸ್ ಹೆಚ್ಚಿಸಬೇಕು ಎಂಬುದು ತಂಡದ ವಿವರಣೆ. ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಅಷ್ಟು ಅನುಕೂಲದ ಮಾತು. ಬೇಸ್‌ಬಾಲಿನಲ್ಲಿ ಒಂದು ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಮೊದಲ ದಿನ ಇವನಿಗೆ ಮೂರೇ. ಆಮೇಲೆ ಚೂರು ಹೆಚ್ಚು, ಮತ್ತೆ ಚೂರು ಹೆಚ್ಚು. ಪಥ್ಯದ ಗಂಜಿಯ ಪ್ರಮಾಣ. ಏಳು ಪಂದ್ಯದಲ್ಲಿ ಒಟ್ಟು 27 ಇನಿಂಗ್ಸ್ ಚಿಲ್ಲರೆ, ಅಷ್ಟರಲ್ಲೇ 45 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಚೆಂಡನ್ನು ಸರಿಯಾಗಿ ಹೊಡೆಯಲೂ ಬಿಡದೆ ಔಟ್ ಮಾಡಿದ. ಒಂಬತ್ತು ಇನಿಂಗ್ಸಿಗೆ ಬಿಟ್ಟುಕೊಟ್ಟ ರನ್ನಿನ ಸರಾಸರಿ 0.99. ಪಕ್ವವಾಗಲು ಹೋದ ಹುಡುಗ ಎದುರಿಗೆ ಬಂದವರನ್ನೆಲ್ಲ ಬೇಯಿಸಿ ಇಡುತ್ತಿದ್ದ. ಮಾಡಲು ಬೇರೇನೂ ಉಳಿಯದೆ ಮೇ 11ರಂದು ಕರೆಸಿಕೊಂಡರು.

ಅವತ್ತು ಕಬ್ಸ್ ವಿರುದ್ಧ ನಡೆದದ್ದು ನೋಡುವ ಹಾಗಿತ್ತು. ಸ್ಕೀನ್ಸ್ ಏಳು ಜನರನ್ನು ಸ್ಟ್ರೈಕ್‌ಔಟ್ ಮಾಡಿ, ಗಂಟೆಗೆ ನೂರು ಮೈಲಿಯ ಚೆಂಡುಗಳನ್ನು ಸಾಲಾಗಿ ಎಸೆದು, ಐದನೇ ಇನಿಂಗ್ಸಿನಲ್ಲಿ ಕೆಳಗಿಳಿದ. ಅವನಿಗಿಂತ ಮೊದಲೇ "ಸಿದ್ಧ"ರಾಗಿ ಮೇಜರ್ ಲೀಗಿನಲ್ಲಿ ಕೂತಿದ್ದ ಪಿಚರ್‌ಗಳು ಬಂದರು. ಮೂರೂ ಬೇಸ್ ತುಂಬಿರುವಾಗ ಚೆಂಡನ್ನು ಗುರಿಗೆ ಹಾಕಲಾರದೆ ಒಬ್ಬನಾದ ಮೇಲೊಬ್ಬನಿಗೆ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದುಹೋಗುವ ವಾಕ್ ಕೊಟ್ಟರು, ಎದುರಾಳಿ ಬ್ಯಾಟು ಎತ್ತದೆಯೇ ರನ್ ಎಣಿಸಿತು. ನಡುವೆ ಮಳೆ ಬಂದು ಆಟ ನಿಂತಿತು, ಪಾಪ, ಅದಕ್ಕೂ ನೋಡಲಾಗಿರಲಿಕ್ಕಿಲ್ಲ. ಹೇಗೋ ಪೈರೇಟ್ಸ್ 10-9ರಿಂದ ಗೆದ್ದಿತು. ಇಂಡಿಯಾನಾಪೊಲಿಸ್‌ನಲ್ಲಿ ಯಾರಿಗೆ ತಾಲೀಮು ಬೇಕಿತ್ತು ಎಂಬ ಪ್ರಶ್ನೆಗೆ ಆ ಒಂದು ಇನಿಂಗ್ಸ್ ಸಾಕಿತ್ತು.

ತಮಾಷೆ ಅಲ್ಲಿಗೇ ಮುಗಿಯಲಿಲ್ಲ. 2022ರ ಒಪ್ಪಂದದಲ್ಲಿ ಆಟಗಾರರ ಸಂಘ ಒಂದು ಕೊಕ್ಕೆ ಸೇರಿಸಿತ್ತು: ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವರು ಯಾವಾಗ ಬಂದಿರಲಿ, ಅವರ ಖಾತೆಗೆ ಪೂರ್ತಿ ವರ್ಷ ಜಮೆ. ಹುಡುಗನನ್ನು ಮೊದಲ ದಿನದಿಂದಲೇ ಆಡಿಸಿ ಅವನು ಪ್ರಶಸ್ತಿ ಗೆದ್ದರೆ ತಂಡಕ್ಕೆ ಮುಂದಿನ ಡ್ರಾಫ್ಟಿನಲ್ಲಿ ಒಂದು ಹೆಚ್ಚಿನ ಆಯ್ಕೆಯ ಬಹುಮಾನವೂ ಉಂಟು. ಸ್ಕೀನ್ಸ್ ಪ್ರಶಸ್ತಿ ಗೆದ್ದ, ಪೂರ್ತಿ ವರ್ಷ ಜಮೆಯಾಯಿತು. ತಡವಾಗಿ ಕರೆಸಿದ್ದಕ್ಕೆ ತಂಡಕ್ಕೆ ಹೆಚ್ಚುವರಿ ಆಯ್ಕೆ ಸಿಗಲಿಲ್ಲ, ದಿನ ಉಳಿಸಿದ ಲಾಭವೂ ದಕ್ಕಲಿಲ್ಲ. ರಾಹುಕಾಲ ತಪ್ಪಿಸಲು ಹೋಗಿ ರೈಲೇ ತಪ್ಪಿತು.

ಹಾಗಂತ ಅವಸರ ಮಾಡುವವರು ಜಾಣರು ಎಂದುಕೊಳ್ಳಬೇಡಿ. ಅವರ ಪಂಚಾಂಗದಲ್ಲಿ ತಿಥಿಯ ಬದಲು ಟಿಕೆಟ್ ಲೆಕ್ಕ ಇರುತ್ತದೆ, ಅಷ್ಟೇ ವ್ಯತ್ಯಾಸ. 1973ರಲ್ಲಿ ಟೆಕ್ಸಾಸ್ ರೇಂಜರ್ಸ್ ತಂಡದ ಆಟವನ್ನು ಪುಕ್ಕಟೆ ತೋರಿಸಿದರೂ ಜನ ಬರುವ ಹಾಗಿರಲಿಲ್ಲ. ಮಾಲೀಕ ಬಾಬ್ ಶಾರ್ಟ್ ಹ್ಯೂಸ್ಟನ್ನಿನ ಡೇವಿಡ್ ಕ್ಲೈಡ್ ಎಂಬ 18ರ ಹುಡುಗನನ್ನು ಹೈಸ್ಕೂಲ್ ಬೆಂಚಿನಿಂದ ಎಬ್ಬಿಸಿ ಸೀದಾ ಮೇಜರ್ ಲೀಗಿನಲ್ಲಿ ಪಿಚರ್ ನಿಲ್ಲುವ ದಿಬ್ಬದ ಮೇಲೆ ನಿಲ್ಲಿಸಿದರು. ಜೂನ್ 27ರಂದು ಮೊದಲ ಪಂದ್ಯ. ಸ್ಟೇಡಿಯಂ ಭರ್ತಿ, 35 ಸಾವಿರಕ್ಕೂ ಹೆಚ್ಚು ಜನ. ಹುಡುಗ ಐದು ಇನಿಂಗ್ಸಿನಲ್ಲಿ ಏಳು ವಾಕ್ ಕೊಟ್ಟು, ಎಂಟು ಸ್ಟ್ರೈಕ್‌ಔಟ್ ಮಾಡಿ, ಗೆದ್ದೂಬಿಟ್ಟ. ಒಂದೆರಡು ಪಂದ್ಯ ಆಡಿಸಿ ಕೆಳಗೆ ಕಳಿಸಿ ತರಬೇತಿ ಕೊಡೋಣ ಎಂದು ತಂಡದ ಮ್ಯಾನೇಜರ್ ವೈಟಿ ಹರ್ಜೋಗ್ ಹೇಳಿದರು. ಗಲ್ಲಾಪೆಟ್ಟಿಗೆ ತುಂಬುತ್ತಿರುವಾಗ ತರಬೇತಿಯೇ? ಹುಡುಗನನ್ನು ಅಲ್ಲೇ ಇಟ್ಟುಕೊಂಡರು. ಆ ವರ್ಷವೇ ಮನೆಗೆ ಹೋದವರು ಹರ್ಜೋಗ್. ಕ್ಲೈಡ್ ತೋಳು ನೋಯಿಸಿಕೊಂಡು, 18 ಗೆಲುವು 33 ಸೋಲಿಗೆ, ಮೂವತ್ತು ದಾಟುವ ಮೊದಲೇ ಆಟ ಮುಗಿಸಿದ.

ಇನ್ನು ಅತಿಜಾಗ್ರತೆಯ ಪಂಥ. ವಾಷಿಂಗ್ಟನ್ನಿನ ಸ್ಟೀಫನ್ ಸ್ಟ್ರಾಸ್‌ಬರ್ಗ್ 2010ರ ಜೂನ್ 8ರಂದು ಮೊದಲ ಪಂದ್ಯದಲ್ಲೇ 14 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಸೆಪ್ಟೆಂಬರಿಗೆ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಟಾಮಿ ಜಾನ್ ಸರ್ಜರಿ ಅನ್ನುತ್ತಾರೆ, ಬೇರೆಡೆಯ ಸ್ನಾಯುರಜ್ಜು ತೆಗೆದು ಮೊಣಕೈಗೆ ಹೊಲಿಯುವುದು. 2012ರಲ್ಲಿ ತಂಡ ಲೀಗಿನಲ್ಲೇ ಅತಿ ಹೆಚ್ಚು ಪಂದ್ಯ ಗೆದ್ದು ಪ್ಲೇಆಫ್ ಬಾಗಿಲಲ್ಲಿತ್ತು. ಆಗ ಇವನ 159 ಇನಿಂಗ್ಸ್ ಮುಗಿದವು, ಇನ್ನು ಸಾಕು ಎಂದು ಬೆಂಚಿನಲ್ಲಿ ಕೂರಿಸಿದರು. 159 ಯಾಕೆ, 170 ಯಾಕಲ್ಲ? ಮೊಣಕೈಯೊಳಗೆ ಯಾರೂ ಮೀಟರ್ ಇಟ್ಟಿರಲಿಲ್ಲ. ತಂಡ ಮೊದಲ ಸುತ್ತಿನಲ್ಲೇ ಸೋತಿತು. 2019ರಲ್ಲಿ ಇದೇ ಸ್ಟ್ರಾಸ್‌ಬರ್ಗ್ ವರ್ಲ್ಡ್ ಸೀರೀಸಿನ ಅತ್ಯುತ್ತಮ ಆಟಗಾರನಾದ, ಅದೇ ಸಂತೋಷಕ್ಕೆ 24.5 ಕೋಟಿ ಡಾಲರಿನ ಕರಾರು ಆಯಿತು. ಆಮೇಲೆ ಅವನು ಆಡಿದ್ದು ಒಟ್ಟು ಎಂಟು ಪಂದ್ಯ.

ಅಂದರೆ ಬೇಗ ತಂದರೂ ತೋಳು ಹೋಗುತ್ತದೆ, ತಡೆದು ತಂದರೂ ಹೋಗುತ್ತದೆ. ಪಿಚರ್‌ಗಳ ಗಾಯದ ಬಗ್ಗೆ ಲೀಗೇ 2024ರ ಡಿಸೆಂಬರಿನಲ್ಲಿ ಒಂದು ವರದಿ ಹೊರತಂದು, ಪ್ರತಿ ಚೆಂಡನ್ನೂ ಮೈಯೆಲ್ಲ ಬಿಗಿದು ಪೂರ್ತಿ ವೇಗದಲ್ಲಿ ಎಸೆಯುವ ಹುಚ್ಚಿನ ಮೇಲೆ ಬೆರಳು ಮಾಡಿತು. ಆ ವೇಗ ನೋಡಿಯೇ ಹುಡುಗರಿಗೆ ಕೋಟಿ ಕೊಡುವವರು ಯಾರೆಂದರೆ, ಲೀಗಿನ ತಂಡಗಳೇ.

ನಮ್ಮ ದೇಶಕ್ಕೂ ಇದರಲ್ಲಿ ಚೂರು ಪಾಲುಂಟು. 2008ರಲ್ಲಿ ಇದೇ ಪೈರೇಟ್ಸ್, ಉತ್ತರ ಪ್ರದೇಶದಲ್ಲಿ ಜಾವೆಲಿನ್ ಎಸೆಯುತ್ತಿದ್ದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬಿಬ್ಬರಿಗೆ ಕರಾರು ಕೊಟ್ಟಿತು. (ಇದು ಸಿಕ್ಸರ್ ಹೊಡೆಯುವ ರಿಂಕು ಅಲ್ಲ.) ಅವರನ್ನು ಹುಡುಕಿಕೊಟ್ಟ ಅದೇ ವರ್ಷದ ಟಿವಿ ಸ್ಪರ್ಧೆಗೆ ಮುಂಚೆ ಇಬ್ಬರೂ ಬೇಸ್‌ಬಾಲ್ ಹಿಡಿದವರಲ್ಲ, ಆಗ ಚೇಂಜ್‌ಅಪ್ ಕೂತಿದೆಯೇ ಎಂದು ಯಾರೂ ಕೇಳಲಿಲ್ಲ. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ರಿಂಕು ಆಮೇಲೆ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದ.

ಸ್ಕೀನ್ಸ್ ವಿಷಯಕ್ಕೆ ಬಂದರೆ, 2025ರಲ್ಲಿ ಅವನ ರನ್ ಸರಾಸರಿ 1.97. ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಗೆ ಮತ ಹಾಕಿದವರೆಲ್ಲ ಅವನ ಹೆಸರನ್ನೇ ಮೊದಲು ಬರೆದರು. ಅವನ ಖಾತೆಯಲ್ಲಿ ಗೆಲುವು ಹತ್ತು, ಸೋಲೂ ಹತ್ತು. ಅವನು ಎರಡು ರನ್ನಿಗೆ ಎದುರಾಳಿಯನ್ನು ಕಟ್ಟಿಹಾಕಿದರೆ ಅವನ ಕಡೆಯವರು ಒಂದು ಹೊಡೆಯಲು ತಿಣುಕುತ್ತಿದ್ದರು. ಪೈರೇಟ್ಸ್ 91 ಪಂದ್ಯ ಸೋತು ತನ್ನ ವಿಭಾಗದಲ್ಲಿ ಕೊನೆಯ ಸ್ಥಾನಕ್ಕೆ ಕೂತಿತು. ಮಾಲೀಕರಿಗೆ ಇನ್ನೂ ಕೆಲವು ವಿಷಯ ಸುಧಾರಿಸಬೇಕಿದೆ, ಮೆಲ್ಲಮೆಲ್ಲಗೆ ಹಣ ಬಿಚ್ಚುವುದನ್ನು ಕಲಿಯಬೇಕಿದೆ, ಒಂದೆರಡು ತಿಂಗಳು ಇಂಡಿಯಾನಾಪೊಲಿಸ್‌ನಲ್ಲಿದ್ದು ಬರಲಿ ಎಂದು ಯಾರೂ ಪತ್ರಿಕಾಗೋಷ್ಠಿ ಕರೆದಿಲ್ಲ.